ಕೊನೆ ಹೇಳು, ಟೀ ತಗೋ

ವಾಲ್ಡಾ ಹಾಸ್ಕಿನ್ ಹತ್ತೊಂಬತ್ತು ವರ್ಷ ನಮ್ಮ ವೈಕಾರೋ ಊರಿನ ಫಿಲ್ಮ್ ಸೊಸೈಟಿಯ ಒಂದು ಪ್ರದರ್ಶನವನ್ನೂ ತಪ್ಪಿಸಲಿಲ್ಲ. ಆದರೆ ಒಂದು ಸಿನಿಮಾದ ಕೊನೆಯನ್ನೂ ನೋಡಲಿಲ್ಲ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ತಪ್ಪೆಲ್ಲ ಹಂಡೆಯದು.

ಸಿನಿಮಾ ತೋರಿಸುತ್ತಿದ್ದ ಊರ ಸಭಾಂಗಣದ, ಅಂದರೆ ಹಾಲಿನ, ಅಡುಗೆಮನೆಯಲ್ಲಿ ಗೋಡೆಗೆ ಜಡಿದು ನಿಲ್ಲಿಸಿದ ಕರೆಂಟಿನ ಹಂಡೆ ಒಂದಿತ್ತು. ಅರವತ್ತು ಎಪ್ಪತ್ತು ಜನರ ಟೀಗೆ ಅದರಲ್ಲಿ ನೀರು ಕುದಿಯಬೇಕಾದರೆ ಇಪ್ಪತ್ತಾರು ನಿಮಿಷ ಬೇಕು. ಮೊದಲೇ ಸ್ವಿಚ್ ಹಾಕಿ ಬಂದು ಕೂರೋಣವೆಂದರೆ, ಅದು ತಾನಾಗಿ ನಿಲ್ಲುವ ಜಾತಿಯದಲ್ಲ. ಒಂದು ಸಲ ಹಾಗೆ ಬಿಟ್ಟು ಬಂದಾಗ ಹಬೆಗೆ ಅಡುಗೆಮನೆಯ ಗೋಡೆಯ ಬಣ್ಣವೆಲ್ಲ ಸುಲಿದು ಕೆಳಗೆ ಬಿದ್ದಿತ್ತು. ನಮ್ಮಲ್ಲಿದ್ದ ಪ್ರೊಜೆಕ್ಟರ್ ಒಂದೇ. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದನ್ನು ಏರಿಸಿ, ಮತ್ತೆ ದೀಪ ಆರಿಸಬೇಕು. ಕೊನೆಯ ರೀಲು ಏರಿಸಲು ದೀಪ ಹಾಕಿದ ತಕ್ಷಣ ವಾಲ್ಡಾ ಎದ್ದು, ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಹಂಡೆ ಕಾಯಲು ಹೋಗುತ್ತಿದ್ದಳು.

ಸಿನಿಮಾ ಮುಗಿದು ಜನ ಅಡುಗೆಮನೆಯ ಕಿಂಡಿಯ ಮುಂದೆ ಸಾಲು ನಿಂತರೆ, ಕಿಂಡಿಯಾಚೆ ವಾಲ್ಡಾ ದೊಡ್ಡ ಟೀ ಕೆಟಲ್ಲು ಹಿಡಿದು ನಿಂತಿರುತ್ತಿದ್ದಳು. ಪುಕ್ಕಟೆ ಟೀ ಯಾರಿಗೂ ಇಲ್ಲ. "ಕೊನೆ ಹೇಳು, ಟೀ ತಗೋ," ಎನ್ನುತ್ತಿದ್ದಳು. ಸಾಲಿನ ಮುಂದಿದ್ದವರು ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು ಎಂದು ಹೇಳುವರು. ನಡುವಿನವರು ಆಗ ಮಳೆ ಬರುತ್ತಿತ್ತೇ, ಹೆಂಗಸು ಯಾವ ಬಣ್ಣದ ಟೋಪಿ ಹಾಕಿದ್ದಳು ಎಂಬುದನ್ನು ತುಂಬುವರು. ಹಿಂದಿನವರು ಮುಂದಿನವರ ತಪ್ಪು ತಿದ್ದುವರು. ಕಡೆಯ ಕಪ್ಪು ತುಂಬುವ ಹೊತ್ತಿಗೆ ವಾಲ್ಡಾಳಿಗೆ ಒಂದು ಕೊನೆ ಸಿಕ್ಕಿರುತ್ತಿತ್ತು. ಹೇಳಬಾರದು, ಎಷ್ಟೋ ಸಲ ಅದು ಸಿನಿಮಾದಲ್ಲಿದ್ದ ಕೊನೆಗಿಂತ ಚೆನ್ನಾಗಿರುತ್ತಿತ್ತು. ಅವಳು ಪೇಟೆಬೀದಿಯ ಉಲ್ಲನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಾಲಿಗೆ ಎಂದೂ ಕಾಲಿಡದ ಹೆಂಗಸರು ಒಂದು ಉಂಡೆ ಉಲ್ಲನ್ ಕೊಳ್ಳುವ ನೆಪದಲ್ಲಿ ಬಂದು ಇಡೀ ಸಿನಿಮಾ ಕೇಳಿಕೊಂಡು ಹೋಗುತ್ತಿದ್ದರು.

ಪ್ರೊಜೆಕ್ಟರ್ ನಡೆಸುತ್ತಿದ್ದವನು ನಾನು, ಸಿರಿಲ್. ಈ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತವನು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರಿನವರು ಹೇಳುತ್ತಾರೆ. ವಿಳಾಸ ಬರೆಯದೆ ಕಾಗದ ಹಾಕಿ, ಮಾರನೆಯ ದಿನ ಬಂದು ತಲುಪಿತೇ ಎಂದು ಕೇಳುವವರ ನಡುವೆ ಅಷ್ಟು ವರ್ಷ ಕಳೆದಿದ್ದರೆ ಅವರಿಗೂ ಬರುತ್ತಿತ್ತು.

ನನಗಿಂತ ಮೊದಲು ಪ್ರೊಜೆಕ್ಟರ್ ವಾಲ್ಡಾಳ ಗಂಡ ಕ್ಲಾರಿಯ ಕೈಯಲ್ಲಿತ್ತು. ಗಂಡ ಯಂತ್ರದ ಹಿಂದೆ, ಹೆಂಡತಿ ಹಂಡೆಯ ಮುಂದೆ. ಹದಿನೇಳು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ಕ್ಲಾರಿ ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದವನು ಹಾಗೇ ಕುಸಿದ. ಲಕ್ವ ಹೊಡೆದು ಬಲಭಾಗ ಪೂರ್ತಿ ಹೋಯಿತು. ಮಾತೂ ಹೋಯಿತು. ಉಳಿದದ್ದು "ಹೂಂ", "ಊಹೂಂ", ಮತ್ತು ರಗ್ಬಿ ಪಂದ್ಯದಲ್ಲಿ ರೆಫರಿಯನ್ನು ಬೈಯುತ್ತಿದ್ದ ಒಂದು ಇಡೀ ವಾಕ್ಯ: "ಕಣ್ಣು ಕಾಣ್ಸಲ್ವೇನೋ ಕತ್ತೆ?" ಇದು ಮಾತ್ರ ಎಲ್ಲೂ ತಡವರಿಸದೆ ಸಲೀಸಾಗಿ ಬರುತ್ತಿತ್ತು. ಡಾಕ್ಟರಿಗೂ ಇದು ಹೇಗೆಂದು ತಿಳಿಯಲಿಲ್ಲ. ಪಾದ್ರಿ ಪ್ರಾರ್ಥನೆ ಹೇಳಲು ಹೋದಾಗಲೂ ಅದೇ ಬಂದಿತಂತೆ.

ಆ ಎರಡು ವರ್ಷ ಕ್ಲಾರಿ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ ವಾರಪೂರ್ತಿ ಕಾಯುತ್ತಿದ್ದದ್ದು ಒಂದಕ್ಕೇ. ಭಾನುವಾರ ಸಂಜೆ ಊಟ ಮುಗಿಸಿ ವಾಲ್ಡಾ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಆ ಮಧ್ಯಾಹ್ನ ನೋಡಿದ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಅವನ ಚೀಟಿಯನ್ನು ಅವನ ಎಡಗೈಗೆ ಕೊಡುತ್ತಿದ್ದಳು.

ಚೀಟಿ ಎಂದರೆ ನಮ್ಮ ಸೊಸೈಟಿಯ ಮತ. ಅಂಚಿನಲ್ಲಿ ಒಂದರಿಂದ ಐದರವರೆಗೆ ಅಂಕಿ ಹಾಕಿದ ಕಾಗದದ ಪಟ್ಟಿ. ಸಿನಿಮಾ ಬಹಳ ಹಿಡಿಸಿದರೆ ಐದರ ಹತ್ತಿರ ಹರಿಯಬೇಕು, ಹಿಡಿಸದಿದ್ದರೆ ಒಂದರ ಹತ್ತಿರ, ಆಮೇಲೆ ಬಾಗಿಲ ಬಳಿಯ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಹೋಗಬೇಕು. ಕ್ಲಾರಿ ಕೇಳಿದ್ದರ ಮೇಲೆಯೇ ತೂಗಿ, ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ. ಸೋಮವಾರ ಅವನ ಚೀಟಿ ಬಂದು ಸೇರುವ ತನಕ ಫಲಿತಾಂಶ ಹೇಳಕೂಡದೆಂದು ಕಮಿಟಿಯೇ ನಿರ್ಣಯ ಮಾಡಿತ್ತು. ನಮ್ಮ ಕಮಿಟಿ ಒಮ್ಮತದಿಂದ ಮಾಡಿದ ನಿರ್ಣಯ ನನಗೆ ತಿಳಿದ ಮಟ್ಟಿಗೆ ಅದೊಂದೇ.

ಕೊನೆಯಿಲ್ಲದ ಸಿನಿಮಾ ಮಾತ್ರ ಅವನಿಗೆ ಆಗದು. ಒಮ್ಮೆ ಕೊನೆಯ ರೀಲಿನಲ್ಲಿ ಬಲ್ಬು ಸುಟ್ಟುಹೋಗಿ, ವಾಲ್ಡಾ ಅರ್ಧ ಕಥೆ ಹೊತ್ತುಕೊಂಡು ಮನೆಗೆ ಹೋದಳು. ಕ್ಲಾರಿ ಚೀಟಿ ಹರಿಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದವನು ಎರಡು ದಿನ ಗಂಜಿಯನ್ನೂ ಮುಟ್ಟಲಿಲ್ಲ. ಇನ್ನೊಂದು ಸಲ ಹೀಗಾದರೆ ಆಸ್ಪತ್ರೆಗೇ ಸೇರಿಸಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದರು. ಆಸ್ಪತ್ರೆಗೆ ಹೋದವನು ತಿರುಗಿ ಬರುವುದಿಲ್ಲವೆಂದು ವಾಲ್ಡಾ ಹೆದರಿದ್ದಳು. ಹಾಗಾಗಿ ಕಿಂಡಿಯಲ್ಲಿ ನಿಂತು "ಕೊನೆ ಹೇಳು" ಎನ್ನುವಾಗ ಅವಳು ತಮಾಷೆ ಮಾಡುತ್ತಿರಲಿಲ್ಲ.

ಇದು ನಡೆದದ್ದು ಎಂಬತ್ನಾಲ್ಕರ ಜುಲೈಯಲ್ಲಿ, ನಮ್ಮ ಕಡೆ ಅದು ನಡುಚಳಿಗಾಲ. ಸಿನಿಮಾ ಆರಿಸುವ ಕೆಲಸ ಆಬ್ರಿ ಫೆನ್ವಿಕ್‌ನದು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು, ಕುತ್ತಿಗೆಗೆ ಕೆಂಪು ಶಾಲು, ಬಾಯಿ ತೆರೆದರೆ ಯುರೋಪು. ಆ ಸಲ ಯುರೋಪಿನ ಯಾವುದೋ ಗುಡ್ಡದ ದೇಶದ ಸಿನಿಮಾ ತರಿಸಿದ್ದ. ಇದನ್ನು ಅರ್ಥ ಮಾಡಿಕೊಳ್ಳಲು ಹೋಗಬೇಡಿ, ಕನಸು ಕಂಡಂತೆ ನೋಡಿ ಎಂದು ಒಂದು ಹಾಳೆ ಬರೆದು ಪ್ರತಿ ಕುರ್ಚಿಯ ಮೇಲೂ ಇಟ್ಟಿದ್ದ. ಎರಡು ಸಾವಿರ ಕುರಿಗಳ ಒಡೆಯ ಮರ್ವ್ ಟಫ್ನೆಲ್ ಅದನ್ನೋದಿ, ಕನಸು ಕಾಣಲು ತನಗೆ ಮನೆಯಲ್ಲಿ ಇದಕ್ಕಿಂತ ಮೆತ್ತಗಿನ ಕುರ್ಚಿ ಇದೆ ಎಂದ. ಹಾಗೆನ್ನುತ್ತಲೇ ಮುಂದಿನ ಸಾಲಿನಲ್ಲಿ ಹೋಗಿ ಕೂತ. ಆಬ್ರಿಯ ಸಿನಿಮಾಗಳನ್ನು ಬೈಯಲಿಕ್ಕೆಂದೇ ಅವನು ಹನ್ನೊಂದು ಮೈಲಿಯಿಂದ ತಪ್ಪದೆ ಬರುತ್ತಿದ್ದ. ಹೆಂಡತಿ ನ್ಯಾನ್ಸ್ ಗಾಡಿ ಓಡಿಸಿಕೊಂಡು ಕರೆತರುತ್ತಿದ್ದಳು.

ಹೊರಗೆ ದಕ್ಷಿಣದ ಗಾಳಿ, ಆಲಿಕಲ್ಲು ಬೆರೆತ ಮಳೆ. ಒಳಗೆ ಸೀಮೆಎಣ್ಣೆ ಹೀಟರಿನ ವಾಸನೆ, ಅಡುಗೆಮನೆಯಿಂದ ಚೀಸ್ ರೋಲಿನ ವಾಸನೆ. ಅರವತ್ತೆರಡು ಜನ ಬಂದಿದ್ದರು. ಎರಡು ಗಂಟೆಗೆ ಶುರು ಮಾಡಬೇಕು. ಒಂದು ಐವತ್ತೈದಕ್ಕೆ ಮರ್ವ್ ಹೀಟರನ್ನು ತನ್ನ ಕಾಲ ಹತ್ತಿರ ಎಳೆದುಕೊಂಡ, ನಾನು ಹಿಂದಕ್ಕೆ ಎಳೆದೆ, ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಆ ಗಡಿಬಿಡಿಯಲ್ಲಿ ನನ್ನ ಕನ್ನಡಕ ಕೋಟಿನ ಜೇಬಿನಲ್ಲೇ ಉಳಿಯಿತು. ಲಕ್ವ ಹೊಡೆಯುವ ಮುಂಚೆ ಕೆಲಸ ಕಲಿಸುವಾಗ ಕ್ಲಾರಿ ನನಗೆ ಒಂದೇ ಒಂದು ನಿಯಮ ಹೇಳಿಕೊಟ್ಟಿದ್ದ: ಡಬ್ಬದ ಮುಚ್ಚಳದ ಮೇಲಿನ ನಂಬರನ್ನು ನಂಬಬೇಡ, ಫಿಲ್ಮಿನ ತುದಿಯಲ್ಲಿ ಶಾಯಿಯಲ್ಲಿ ಬರೆದಿರುವುದನ್ನು ಓದು. ಮುಂಚೆ ತೋರಿಸಿದ ಊರಿನವರು ಯಾವ ರೀಲನ್ನು ಯಾವ ಡಬ್ಬಕ್ಕೆ ತುಂಬಿದ್ದಾರೋ ಯಾರಿಗೆ ಗೊತ್ತು. ಎರಡು ವರ್ಷ ಓದಿದ್ದೆ. ಆ ದಿನ ಮುಚ್ಚಳದ ಮೇಲಿನ ದಪ್ಪ ಅಂಕಿ ನೋಡಿ ಏರಿಸಿದೆ.

ಸಿನಿಮಾದಲ್ಲಿ ಮಾತು ಇಲ್ಲವೆಂದೇ ಹೇಳಬೇಕು. ಮೊದಲ ರೀಲಿನಲ್ಲಿ ಒಬ್ಬ ಮುದಿ ದರ್ಜಿ ಹೊಲಿಗೆ ಯಂತ್ರ ಬೆನ್ನಿಗೆ ಕಟ್ಟಿಕೊಂಡು ಜನರಿಲ್ಲದ ಊರಿಗೆ ಬರುತ್ತಾನೆ. ಅಲ್ಲೊಬ್ಬಳು ಹೆಂಗಸು ಒದ್ದೆ ಕಾಗದಗಳನ್ನು ಬಟ್ಟೆಯ ಹಾಗೆ ಹಗ್ಗದ ಮೇಲೆ ಒಣಹಾಕುತ್ತಿದ್ದಾಳೆ. ದೀಪ ಹತ್ತಿದಾಗ ನನಗೇನೋ ಚೆನ್ನಾಗಿದೆ ಅನ್ನಿಸಿತು. ಮೂವತ್ತೊಂದು ವರ್ಷ ಒದ್ದೆ ಕಾಗದಗಳನ್ನು ನಾನೂ ಒಣಗಿಸಿದ್ದೇನೆ. ಎರಡನೆಯದರಲ್ಲಿ ಒಂದು ಕುರಿ ದರ್ಜಿಯ ಮನೆಯೊಳಗೆ ಬರುತ್ತದೆ, ಅವನು ಟೇಪು ಹಿಡಿದು ಅದರ ಎದೆ, ಕುತ್ತಿಗೆ, ಕಾಲು ಅಳೆದು ಗೋಡೆಯ ಮೇಲೆ ಬರೆದುಕೊಳ್ಳುತ್ತಾನೆ. ಇಪ್ಪತ್ತೈದು ನಿಮಿಷ ಅಷ್ಟೇ. ಹಾಲಿನಲ್ಲಿ ಅರ್ಧ ಜನ ಕುರಿ ಸಾಕುವವರು. ಅವರಲ್ಲಿ ಯಾರಿಗೂ ದರ್ಜಿಯ ಚಿಂತೆ ಇರಲಿಲ್ಲ. ಅದು ಮೆರಿನೊ ತಳಿ, ಅಂಥ ಜೌಗಿನಲ್ಲಿ ನಿಲ್ಲಿಸಿದರೆ ವಾರದಲ್ಲಿ ಗೊರಸು ಕೊಳೆಯುತ್ತದೆ ಎಂದು ಮರ್ವ್ ದೀಪ ಹತ್ತಿದೊಡನೆ ಎದ್ದು ನಿಂತು ಘೋಷಿಸಿದ. ಅದು ಸಂಕೇತ ಎಂದ ಆಬ್ರಿ. ಸಂಕೇತವಾದರೂ ಗೊರಸು ಗೊರಸೇ ಎಂದ ಮರ್ವ್.

ಮೂರನೆಯ ಡಬ್ಬದ ರೀಲಿನಲ್ಲಿ ಹಿಮ ಬೀಳುತ್ತಿತ್ತು. ಕುರಿ ಕೋಟು ತೊಟ್ಟು, ನಾಲ್ಕು ಗುಂಡಿ ಹಾಕಿಕೊಂಡು, ಹಿಮದಲ್ಲಿ ನಡೆಯುತ್ತದೆ. ದರ್ಜಿ ಅದರ ಹಿಂದೆ ಅಂಗಿಯಲ್ಲೇ ನಡೆದು ಸುಸ್ತಾಗಿ ಮಲಗುತ್ತಾನೆ. ಕುರಿ ತಿರುಗಿ ಬಂದು ಅವನ ಪಕ್ಕ ಮಲಗುತ್ತದೆ. ಕಾಗದದ ಹೆಂಗಸು ಬಂದು ಇಬ್ಬರ ಮೇಲೂ ಒಂದು ಬಿಳಿ ಹೊದಿಕೆ ಹೊದಿಸುತ್ತಾಳೆ. ಹಿಮ ಬಿದ್ದು ಬಿದ್ದು ಕೊನೆಗೆ ಪರದೆಯೇ ಪೂರ್ತಿ ಬೆಳ್ಳಗಾಯಿತು. ಆ ಹೊತ್ತು ಯಾರೂ ಕೆಮ್ಮಲಿಲ್ಲ. ನಾನು ದೀಪ ಹಾಕಿದೆ. ವಾಲ್ಡಾ ಕಣ್ಣೊರೆಸಿಕೊಂಡು ಎದ್ದಳು, ಯಂತ್ರದ ಪಕ್ಕ ಹಾದುಹೋಗುವಾಗ ನಿಂತಳು.

"ಎಷ್ಟು ಚೆನ್ನಾಗಿ ಮುಗೀತು, ಸಿರಿಲ್," ಎಂದಳು.

ಇನ್ನೊಂದು ರೀಲಿದೆ ಎಂದೆ.

"ಇನ್ನೇನಿದೆ ಹೇಳೋಕೆ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಹಂಡೆಯ ಕಡೆ ಹೋದಳು.

ಇನ್ನೇನಿದೆ ಎಂದರೆ, ಸತ್ತ ದರ್ಜಿ ಮನೆಯಲ್ಲಿ ಆರಾಮವಾಗಿ ಕೂತು ಬಟ್ಟೆ ಕತ್ತರಿಸುತ್ತಿದ್ದ. ಕೋಟಿಗೆ ಒಳಪದರವಾಗಿ ಆ ಹೆಂಗಸಿನ ಕಾಗದಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ಯಂತ್ರ ಕೆಟ್ಟಿತು, ಕೈಯಲ್ಲಿ ಹೊಲಿಯತೊಡಗಿದ. ದಾರ ಮುಗಿಯಿತು, ಹೆಂಗಸು ತನ್ನ ತಲೆಯ ಕೂದಲನ್ನೇ ಒಂದು ಎಳೆ ಕಿತ್ತು ಕೊಟ್ಟಳು. ಅದನ್ನು ಸೂಜಿಗೆ ಪೋಣಿಸಲು ಮುದುಕ ಕೈ ನಡುಗಿಸುತ್ತ ಒಂದು ಸಲ, ಎರಡು ಸಲ, ಮೂರು ಸಲ ನೋಡಿದ. ನಾಲ್ಕನೆಯ ಸಲ ಸೂಜಿಯ ಕಣ್ಣಿಗೆ ಕೂದಲು ಮುಟ್ಟಿತೋ ಇಲ್ಲವೋ, ರೀಲು ಮುಗಿದು ಫಿಲ್ಮಿನ ಬಾಲ ಪಟಪಟ ಬಡಿಯಿತು.

ನಾನು ದೀಪ ಹಾಕಿದೆ. ಅರವತ್ತೆರಡು ಜನ ಖಾಲಿ ಪರದೆ ನೋಡುತ್ತ ಕೂತಿದ್ದರು.

ಆಮೇಲೆ ಎಡಗಡೆಯಿಂದ ಒಬ್ಬ ಚಪ್ಪಾಳೆ ತಟ್ಟಿದ, ಬಲಗಡೆಯಿಂದ ಒಬ್ಬ ಥೂ ಎಂದ, ಅಲ್ಲಿಂದ ಇಡೀ ಸಭೆ ಎರಡು ಭಾಗವಾಯಿತು. ಸಾವಿನ ಆಚೆಗೂ ಮನುಷ್ಯ ಸೂಜಿಗೆ ದಾರ ಪೋಣಿಸುತ್ತಲೇ ಇರುತ್ತಾನೆ, ಇಂಥದ್ದನ್ನು ತಾನು ಇಡೀ ಜನ್ಮದಲ್ಲಿ ನೋಡಿಲ್ಲ ಎಂದು ಆಬ್ರಿ ಗದ್ಗದನಾದ. ಸತ್ತವನು ಎದ್ದು ಕೂತು, ಕುರಿ ಆಗಲೇ ಹಾಕಿಕೊಂಡಿದ್ದ ಕೋಟನ್ನು ಹೊಲಿಯಲು ಶುರು ಮಾಡುವುದಕ್ಕೆ ತಲೆಬುಡ ಇದೆಯೇ ಎಂದು ಮರ್ವ್ ಕೇಳಿದ. ನ್ಯಾನ್ಸ್ ಗಂಡನ ಕಡೆ ತಿರುಗಿ, ನನ್ನ ನಲವತ್ತು ವರ್ಷ ಹೀಗೇ ಹೋಯಿತು, ಮುಗಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತ, ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳು ಐದರ ಹತ್ತಿರ ಹರಿದಳು. ಮರ್ವ್ ಒಂದರ ಹತ್ತಿರ ಹರಿದ, ಸಾಲದೆಂದು ಉಳಿದ ತುಂಡನ್ನೂ ಹರಿದ. ನಾನು ಆಮೇಲೆ ಎಣಿಸಿದೆ: ಐದಕ್ಕೆ ಮೂವತ್ತು ಚೀಟಿ, ಒಂದಕ್ಕೆ ಮೂವತ್ತೊಂದು. ನಡುವಿನ ಮೂರಕ್ಕೆ ಹರಿದವರು ಎಂದಿನಂತೆ ಪಾದ್ರಿ ಒಬ್ಬರೇ.

ಕಿಂಡಿಯ ಹತ್ತಿರ ಗದ್ದಲವೆಂದರೆ ಗದ್ದಲ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಮರ್ವ್ ಇದ್ದ. ವಾಲ್ಡಾ ಕಪ್ಪು ಹಿಡಿದು ಕೊನೆ ಕೇಳಿದಳು.

"ದರ್ಜಿ ಸತ್ತ. ಆಮೇಲೆ ಎದ್ದು ಕೋಟು ಹೊಲಿಯೋಕೆ ಕೂತ. ಸೂಜಿಗೆ ದಾರ ಹೋಗ್ಲಿಲ್ಲ. ದೀಪ ಹತ್ತಿತು. ಇಷ್ಟೇ ಕಣಮ್ಮ, ಟೀ ಕೊಡು."

"ಕೋಟು ಕುರಿ ಮೈಮೇಲೇ ಇತ್ತಲ್ಲೋ?"

"ಅದನ್ನ ಆಬ್ರಿನ ಕೇಳು."

ಮರ್ವ್‌ನ ಹಿಂದಿದ್ದ ನ್ಯಾನ್ಸ್, ದಾರ ಹೋಯಿತು, ತಾನು ಕಣ್ಣಾರೆ ಕಂಡೆ ಎಂದಳು. ಅವಳ ಹಿಂದಿನವನು ಅದು ದರ್ಜಿಯೇ ಅಲ್ಲ, ದರ್ಜಿಯ ಅಣ್ಣ ಎಂದ. ಇನ್ನೊಬ್ಬಳು ಇದೆಲ್ಲ ಕುರಿ ಕಾಣುತ್ತಿರುವ ಕನಸು ಎಂದಳು. ಕುರಿಗೆ ಕನಸು ಬೀಳುತ್ತದೆಯೇ ಎಂದು ನಾಲ್ಕು ಜನ ರೈತರು ಸಾಲು ಬಿಟ್ಟು ಬೇರೆಯೇ ಚರ್ಚೆಗೆ ನಿಂತರು. ಆಬ್ರಿಯ ಸರದಿ ಬಂದಾಗ ಅವನು ಶಾಲು ಸರಿಮಾಡಿಕೊಂಡು, ಕೊನೆ ಅನ್ನುವುದೇ ಇಲ್ಲ ಎಂಬುದೇ ಇದರ ಕೊನೆ ಎಂದ.

ವಾಲ್ಡಾ ಕೆಟಲ್ಲು ಕೆಳಗಿಟ್ಟಳು.

"ಆಬ್ರಿ, ಮನೇಲಿ ಒಬ್ಬ ಕಾಯ್ತಾ ಮಲಗಿದಾನೆ. ಅವನಿಗೆ ಹೋಗಿ ಕೊನೇನೇ ಇಲ್ಲ ಅನ್ಲಾ? ನೀನು ಬಂದು ಹೇಳ್ತೀಯಾ?"

ಆಬ್ರಿ ಕೆಂಪಾದ. ಅವಳು ಅವನಿಗೆ ಅರ್ಧ ಕಪ್ಪು ಕೊಟ್ಟಳು. ನಾನು ಹೋದಾಗ ಏನೂ ಕೇಳದೆ ತುಂಬ ಕೊಟ್ಟಳು, ಅದು ನನಗೆ ಇನ್ನೂ ಕಷ್ಟವಾಯಿತು. ಚೀಸ್ ರೋಲುಗಳು ತಣ್ಣಗಾಗಿ ಬೆಣ್ಣೆ ಹೆಪ್ಪುಗಟ್ಟಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ವಾಲ್ಡಾ ಸಾಲು ಮುಗಿಯುವ ಮೊದಲೇ ಏಪ್ರನ್ ಬಿಚ್ಚಿ, ಎರಡು ಚೀಟಿಗಳನ್ನು, ತನ್ನದೊಂದು ಕ್ಲಾರಿಯದೊಂದು, ಹರಿಯದೆ ಕೈಚೀಲದಲ್ಲಿಟ್ಟುಕೊಂಡು ಮಳೆಯಲ್ಲಿ ಹೊರಟಳು. ಹಿಂದೆಯೇ ಮರ್ವ್ ತಾನು ಐದು ಕೊಟ್ಟ ಹೆಂಗಸಿನ ಜೊತೆ ಒಂದೇ ಗಾಡಿಯಲ್ಲಿ ಕೂರುವುದಿಲ್ಲ ಎಂದು ಹೆಂಡತಿಯನ್ನು ಬಿಟ್ಟು ನಡೆದೇ ಹೊರಟ. ಸೇತುವೆಯ ತನಕ ಹೋಗಿ, ಅಲ್ಲಿ ನಿಂತು, ನ್ಯಾನ್ಸ್ ಬಂದಾಗ ಹಿಂದಿನ ಸೀಟಿನಲ್ಲಿ ನಾಯಿಯ ಜೊತೆ ಕೂತನಂತೆ.

ಮಾರನೆಯ ದಿನ ಹನ್ನೊಂದರ ಬಸ್ಸಿಗೆ ಡಬ್ಬಗಳನ್ನು ವೆಲ್ಲಿಂಗ್ಟನ್ನಿನ ಫಿಲ್ಮ್ ಭಂಡಾರಕ್ಕೆ ವಾಪಸು ಕಳಿಸಬೇಕಿತ್ತು. ಎಂಟೂವರೆಗೆ ಹಾಲಿಗೆ ಹೋಗಿ ರೀಲುಗಳನ್ನು ಹಿಂದಕ್ಕೆ ಸುತ್ತಲು ಕೂತೆ. ಈ ಸಲ ಕನ್ನಡಕ ಮೂಗಿನ ಮೇಲಿತ್ತು. ಮೂರನೆಯ ಡಬ್ಬದ ರೀಲನ್ನು ಸುತ್ತಿ ಮುಗಿಸಿ ತುದಿ ಹಿಡಿದು ನೋಡಿದರೆ, ಶಾಯಿಯಲ್ಲಿ ಸ್ಪಷ್ಟವಾಗಿ ನಾಲ್ಕು ಎಂದಿದೆ. ನಾಲ್ಕನೆಯ ಡಬ್ಬದ ರೀಲಿನ ತುದಿಯಲ್ಲಿ ಮೂರು ಎಂದಿದೆ. ಕೊನೆಯನ್ನು ನಡುವೆ ತೋರಿಸಿ, ನಡುವಿನದನ್ನು ಕೊನೆಗೆ ತೋರಿಸಿ, ಇಡೀ ಊರನ್ನು ಜಗಳಕ್ಕೆ ಹಚ್ಚಿದವನು ನಾನು.

ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದೂ ಮನಸ್ಸಿಗೆ ಬಂದದ್ದು ನಿಜ. ಆಬ್ರಿ ಅಷ್ಟರಲ್ಲಿ ಸಾವು, ಸಮಯ, ಸೂಜಿ ಎಂದು ಎರಡು ಪುಟ ಬರೆದು ಊರ ಪತ್ರಿಕೆಗೆ ಕೊಟ್ಟಾಗಿತ್ತು. ಆದರೆ ಗೋಡೆಯ ಕಡೆ ತಿರುಗಿ ಮಲಗಿದ ಕ್ಲಾರಿಯ ಬೆನ್ನು ಕಣ್ಣ ಮುಂದೆ ಬಂತು. ನನಗೆ ನಾಚಿಕೆಯಾಯಿತು. ಡಬ್ಬಗಳನ್ನು ವ್ಯಾನಿಗೆ ಹಾಕಿಕೊಂಡು ಸೀದಾ ಅವರ ಮನೆಗೆ ಹೋದೆ.

ವಾಲ್ಡಾ ಬಾಗಿಲು ತೆರೆದಾಗ ಕಣ್ಣು ಊದಿತ್ತು, ಮುಖ ಮಾತ್ರ ನಗುತ್ತಿತ್ತು.

"ನಿನ್ನೆ ಅವನು ನಕ್ಕ, ಸಿರಿಲ್. ಎರಡು ವರ್ಷ ಆಗಿತ್ತು ನಗು ಕೇಳಿ. ಮೊದಲು ಉಸಿರು ಕಟ್ಟಿತೇನೋ ಅಂತ ಹೆದರಿಬಿಟ್ಟೆ."

ನಡೆದದ್ದನ್ನು ಅವಳು ಹಜಾರದಲ್ಲೇ ನಿಂತು ಹೇಳಿದಳು. ಬೇರೆ ದಾರಿಯಿಲ್ಲದೆ ತಾನು ಕಂಡಷ್ಟನ್ನೇ ಹೇಳಿದ್ದಳಂತೆ: ಹಿಮ, ಕೋಟು ತೊಟ್ಟ ಕುರಿ, ಹೊದಿಕೆ, ಎಲ್ಲ ಬಿಳಿ. ಕ್ಲಾರಿ ಹೂಂ ಎಂದು ಸಮಾಧಾನದಿಂದ ಚೀಟಿಗೆ ಕೈಚಾಚಿ ಐದರ ಹತ್ತಿರ ಹರಿದನಂತೆ. ಅಲ್ಲಿಗೆ ಬಿಡುವುದು ಬಿಟ್ಟು, ಗಂಡನಿಗೆ ಸುಳ್ಳು ಹೇಳಿದಂತಾಯಿತೆಂದು ಮನಸ್ಸು ಚುಚ್ಚಿ, ಕಿಂಡಿಯಲ್ಲಿ ಕೇಳಿದ್ದನ್ನೂ ಒಂದೂ ಬಿಡದೆ ಹೇಳಿದಳಂತೆ. ಸತ್ತವನು ಎದ್ದದ್ದು, ದರ್ಜಿಯ ಅಣ್ಣ, ಕುರಿಯ ಕನಸು, ಆಬ್ರಿಯ ಮಾತು. ಆಗ ಶುರುವಾಯಿತು ನಗು. ನಗು ನಿಂತ ಮೇಲೆ ಅವಳ ಚೀಟಿಯನ್ನೂ ಕಿತ್ತುಕೊಂಡು ಒಂದರ ಹತ್ತಿರ ಹರಿದ. ಆಮೇಲೆ ಎಡಗೈ ಎತ್ತಿ ಬೆರಳು ತೋರಿಸತೊಡಗಿದ. ನಾಲ್ಕು, ಮೂರು. ನಾಲ್ಕು, ಮೂರು.

"ನಾಲ್ಕು ಚಮಚ ಸಕ್ಕರೆ ಅಂದ್ಕೊಂಡೆ. ಮೂರನೇ ಮಾತ್ರೆ ಅಂದ್ಕೊಂಡೆ. ಎಲ್ಲಾದಕ್ಕೂ ಊಹೂಂ ಅಂದ. ಐದು ಕೊಟ್ಮೇಲೆ ಒಂದು ಯಾಕೆ ಕೊಟ್ಟ ಅಂತಾನೂ ಗೊತ್ತಾಗ್ಲಿಲ್ಲ."

ನನಗೆ ಗೊತ್ತಾಯಿತು. ಆ ಒಂದರ ಅಂಕ ಸಿನಿಮಾಕ್ಕಲ್ಲ, ನನಗೆ.

ಕೋಣೆಯೊಳಗೆ ಹೋದೆ. ಕ್ಲಾರಿ ದಿಂಬಿಗೊರಗಿ ನನ್ನನ್ನೇ ಕಾಯುತ್ತಿದ್ದ. ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದ, ಆಮೇಲೆ ಮೂರು. ಬಾಯಿ ಬಿಟ್ಟು ಎಲ್ಲೂ ತಡವರಿಸದೆ ಕೇಳಿದ:

"ಕಣ್ಣು ಕಾಣ್ಸಲ್ವೇನೋ ಕತ್ತೆ?"

ಎರಡು ವರ್ಷದಲ್ಲಿ ಆ ಮಾತು ಸರಿಯಾದ ಜಾಗಕ್ಕೆ ಬಿದ್ದದ್ದು ಅದೇ ಮೊದಲು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಹಾಲಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದ ಅರವತ್ತೆರಡು ಜನರಿಗೆ ತಿಳಿಯದ್ದು, ಮನೆಯಲ್ಲಿ ಮಲಗಿ ಹೆಂಡತಿಯ ಬಾಯಿಂದ ಕೇಳಿದವನಿಗೆ ತಿಳಿದಿತ್ತು.

ವಾಲ್ಡಾಳಿಗೆ ತಪ್ಪೊಪ್ಪಿಕೊಂಡೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಹಾಸಿಗೆಯ ಮೇಲೆ ಔಷಧದ ನಾಲ್ಕು ಬಾಟಲಿ ಸಾಲಾಗಿಟ್ಟು, ಮೂರನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿ ತೋರಿಸಿದೆ. ಅವಳು ಮೂರನೆಯ ಬಾಟಲಿಯನ್ನು ಕೈಗೆತ್ತಿಕೊಂಡಳು.

"ಹಾಗಾದ್ರೆ ನಾನು ನೋಡಿದ್ದು?"

"ಕೊನೆ. ಕೊನೆ ನೋಡಿ, ಇದು ಕೊನೆ ಅಂತ ಗೊತ್ತಾಗಿದ್ದು ಇಡೀ ಊರಲ್ಲಿ ನಿನಗೊಬ್ಳಿಗೇ."

ವಾಲ್ಡಾ ಕುರ್ಚಿಯಲ್ಲಿ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಕೊನೆ ನೋಡಿದೆ ಎಂಬುದು ಮೆಲ್ಲಗೆ ಒಳಗಿಳಿಯುತ್ತಿರಬೇಕು, ಏಪ್ರನ್ನಿನ ತುದಿಯಿಂದ ಕಣ್ಣೊತ್ತಿಕೊಂಡಳು. ಆಬ್ರಿಗೆ ಹೇಳಬೇಡ, ಪಾಪ ಎರಡು ಪುಟ ಬರೆದಿದ್ದಾನೆ ಎಂದು ಅವಳೇ ಹೇಳಿದಳು. ಆಬ್ರಿ ತೀರಿಕೊಳ್ಳುವ ತನಕ ನಾನು ಆ ಮಾತು ಉಳಿಸಿಕೊಂಡೆ. ಅವನ ಆ ಎರಡು ಪುಟ ಅವನು ಬರೆದದ್ದರಲ್ಲೆಲ್ಲ ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ. ಇದ್ದಕ್ಕಿದ್ದಂತೆ ವಾಲ್ಡಾ ತಲೆಯೆತ್ತಿದಳು.

"ತಡಿ. ಅಂದ್ರೆ 'ಮೂರು' ಅಂತ ಬರ್ದಿರೋ ರೀಲು ನಾನು ನೋಡೇ ಇಲ್ಲ. ಆ ಕೋಟು ಎಲ್ಲಿಂದ ಬಂತು?"

ಗಂಟೆ ಒಂಬತ್ತೂಕಾಲು. ಬಸ್ಸಿಗೆ ಇನ್ನೂ ಹೊತ್ತಿತ್ತು. ಪ್ರೊಜೆಕ್ಟರನ್ನು ಹಾಲಿನಿಂದ ತಂದು ಕ್ಲಾರಿಯ ಮಂಚದ ಪಕ್ಕದ ಮೇಜಿನ ಮೇಲಿಟ್ಟೆ. ವಾಲ್ಡಾ ಕಿಟಕಿಯ ಪರದೆ ಎಳೆದು, ಎದುರು ಗೋಡೆಯಲ್ಲಿದ್ದ ಮದುವೆಯ ಫೋಟೋ ಇಳಿಸಿದಳು. ಅದರ ಹಿಂದೆ ಗೋಡೆ ಮಾಸದೆ ಒಂದು ಚೌಕ ಬೆಳ್ಳಗೆ ಉಳಿದಿತ್ತು. ನಾನು ಫಿಲ್ಮು ಪೋಣಿಸುವಾಗ ಕ್ಲಾರಿ ನನ್ನ ಬೆರಳುಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ತುದಿಯ ಶಾಯಿಯನ್ನು ಅವನ ಕಣ್ಣ ಹತ್ತಿರ ಹಿಡಿದು ತೋರಿಸಿದ ಮೇಲೆಯೇ ಹೂಂ ಎಂದ.

ದರ್ಜಿ ಬಟ್ಟೆ ಕತ್ತರಿಸಿದ. ಕಾಗದಗಳನ್ನು ಜೋಡಿಸಿದ. ಸರಿಯಾದ ಜಾಗದಲ್ಲಿಟ್ಟು ನೋಡಿದರೆ ಅದರಲ್ಲಿ ಒಗಟು ಏನೂ ಇರಲಿಲ್ಲ. ಚಳಿಯಲ್ಲಿರುವ ಒಂದು ಪ್ರಾಣಿಗೆ ಒಬ್ಬ ಮುದುಕ ಕೋಟು ಹೊಲಿಯುತ್ತಿದ್ದ, ಅಷ್ಟೆ. ಕ್ಲಾರಿಯ ಎಡಗೈ ಹೊದಿಕೆಯ ಮೇಲೆ ಯಂತ್ರದ ಸದ್ದಿಗೆ ತಾಳ ಹಾಕುತ್ತಿತ್ತು. ಹೆಂಗಸು ಕೂದಲೆಳೆ ಕೊಟ್ಟಳು. ಮುದುಕ ಸೂಜಿ ಎತ್ತಿದ. ಆಗ ನಾನು ಪಕ್ಕಕ್ಕೆ ನೋಡಿದರೆ ವಾಲ್ಡಾಳ ಕುರ್ಚಿ ಖಾಲಿ. ಅಡುಗೆಮನೆಯಲ್ಲಿ ಕೆಟಲ್ಲಿಗೆ ನೀರು ತುಂಬುವ ಸದ್ದು ಕೇಳಿತು. ಹತ್ತೊಂಬತ್ತು ವರ್ಷದ ಅಭ್ಯಾಸ ಅವಳನ್ನು ಎಬ್ಬಿಸಿಕೊಂಡು ಹೋಗಿತ್ತು.

ರೀಲು ನಿನ್ನೆಯಂತೆಯೇ ಮುಗಿದು ಬಾಲ ಪಟಪಟ ಬಡಿಯಿತು. ಸ್ವಲ್ಪ ಹೊತ್ತಿಗೆ ಟ್ರೇ ಹಿಡಿದು ವಾಲ್ಡಾ ಬಂದವಳು ಖಾಲಿ ಗೋಡೆ ನೋಡಿ ಬಾಗಿಲಲ್ಲೇ ನಿಂತಳು. ಅವಳ ಮುಖ ನೋಡಲಾಗದೆ ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ. ಕ್ಲಾರಿ ಎಡಗೈ ಎತ್ತಿ ನನ್ನನ್ನು ತಡೆದ.

ವಾಲ್ಡಾ ಅದನ್ನು ನೋಡಿದಳು. ಟ್ರೇ ಕೆಳಗಿಟ್ಟು, ಒಂದು ಕಪ್ಪು ಎತ್ತಿಕೊಂಡು ಮಂಚದ ಹತ್ತಿರ ಹೋಗಿ, ಅವನ ಕೈಗೆ ಎಟುಕದಷ್ಟು ದೂರದಲ್ಲಿ ಹಿಡಿದಳು.

"ಕೊನೆ ಹೇಳು, ಟೀ ತಗೋ," ಎಂದಳು.

ಕ್ಲಾರಿಯ ತುಟಿ ಒಂದು ಕಡೆಗೆ ಎಳೆಯಿತು. ಕುತ್ತಿಗೆಯ ನರ ಉಬ್ಬಿತು. ಮತ್ತೆ ಕತ್ತೆಯೇ ಬರುತ್ತದೆಂದು ನಾನು ಕಾದೆ.

"ದಾ…" ಎಂದ. ನಿಂತ. ಉಸಿರೆಳೆದುಕೊಂಡ. "ದಾರ."

ವಾಲ್ಡಾ ಕಪ್ಪನ್ನು ಒಂದಿಷ್ಟು ಹತ್ತಿರ ತಂದಳು.

"ದಾರ… ಹೋಯ್ತು," ಎಂದ ಕ್ಲಾರಿ.

ರೀಲಿನಲ್ಲಿ ದಾರ ಹೋಗಿರಲಿಲ್ಲ. ಎರಡು ದಿನದಲ್ಲಿ ಎರಡು ಸಲ ನೋಡಿದ್ದೇನೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡೇ ನೋಡಿದ್ದೇನೆ. ಆದರೂ ನಾನು ತುಟಿ ಬಿಚ್ಚಲಿಲ್ಲ. ಮುಂದಿನ ರೀಲಿನಲ್ಲಿ ಕುರಿಯ ಮೈಮೇಲೆ ಕೋಟಿದೆ. ದಾರ ಹೋಗದೆ ಅದು ಬರುವುದಾದರೂ ಎಲ್ಲಿಂದ?

ವಾಲ್ಡಾ ಕಪ್ಪನ್ನು ಅವನ ಎಡಗೈಗೆ ಕೊಟ್ಟಳು.